ಒಂದೇ ಪ್ಲಗ್ಗಿನ ಸರದಿ

ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದರೆ ಒಂದು ವಾಸನೆ ಬರುತ್ತದೆ. ನೀವು ಎಂದಾದರೂ ತೆಗೆದಿದ್ದರೆ ನಿಮಗೂ ಗೊತ್ತಿರುತ್ತದೆ. ಬಿಸಿಯಾದ ಧೂಳಿನ ವಾಸನೆ, ಅದರ ಜೊತೆಗೆ ಸ್ವಲ್ಪ ಕಾದ ಪ್ಲಾಸ್ಟಿಕ್ಕು. ಮೊನ್ನೆ ಶುಕ್ರವಾರ ಮಧ್ಯಾಹ್ನ ತುಮಕೂರಿನ ನಮ್ಮ ಮನೆಯ ಹಾಲಿನಲ್ಲಿ ನೆಲದ ಮೇಲೆ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನಾನು ಆ ಮುಚ್ಚಳ ತೆಗೆದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಗುಬ್ಬಿಗೆ ಹೋಯಿತು, ನಮ್ಮ ಭಾವನ ಅಂಗಡಿಗೆ.

ಭಾವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾನೇಕೆ ನೆಲದ ಮೇಲೆ ಕುಳಿತಿದ್ದೆ ಎನ್ನುವುದನ್ನು ಹೇಳಬೇಕು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಈಗ ಮನೆಯಲ್ಲೇ ಕುಳಿತು ಯಾರ್ಯಾರದೋ ಪುಸ್ತಕಗಳ ಕರಡು ತಿದ್ದುತ್ತೇನೆ. ಹಳೆಯ ಹಾರ್ಡ್ ಡಿಸ್ಕು ತುಂಬಿ ತುಳುಕುತ್ತಿದೆ ಎಂದು ಹೊಸದೊಂದನ್ನು ತಂದಿದ್ದೆ. ಹಳೆಯದರ ಪಕ್ಕದಲ್ಲಿ ಇದನ್ನೂ ಕೂರಿಸಿ ಎರಡು ವೈರು ಸಿಕ್ಕಿಸಿದರೆ ಮುಗಿಯಿತು, ನೀವೇ ಮಾಡಬಹುದು ಎಂದು ಅಂಗಡಿಯವನು ಹುರಿದುಂಬಿಸಿದ್ದ. ನನ್ನನ್ನು ಹುರಿದುಂಬಿಸುವುದು ಬಹಳ ಸುಲಭ. ಎರಡರಲ್ಲಿ ಒಂದು ವೈರು ಡಿಸ್ಕಿನ ಜೊತೆಗೇ ಬಂದಿತ್ತು. ಕರೆಂಟು ಕೊಡುವ ಇನ್ನೊಂದು ಕಂಪ್ಯೂಟರಿನ ಒಳಗೇ ಇರುತ್ತದೆ ಎಂದಿದ್ದ. ಇತ್ತು, ಇಲ್ಲವೆನ್ನಲಾರೆ. ಒಳಗೆ ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇರುತ್ತದೆ, ಎಸ್‌ಎಂಪಿಎಸ್ ಎನ್ನುತ್ತಾರೆ. ಗೋಡೆಯಿಂದ ಬಂದ ಕರೆಂಟನ್ನು ಹದಕ್ಕೆ ತಂದು ಒಳಗಿರುವವರಿಗೆಲ್ಲ ಬಡಿಸುವುದು ಅದರ ಕೆಲಸ. ಅದರಿಂದ ಹಳದಿ, ಕೆಂಪು, ಕಪ್ಪು ವೈರುಗಳ ಕಟ್ಟು ಹೊರಟು ತುದಿಯಲ್ಲಿ ಪ್ಲಗ್ಗುಗಳಿದ್ದವು. ಆದರೆ ಒಂದೂ ಖಾಲಿ ಇರಲಿಲ್ಲ. ಒಂದು ಹಳೆಯ ಡಿಸ್ಕಿನ ಬಾಯಲ್ಲಿ, ಒಂದು ಡಿವಿಡಿ ಡ್ರೈವಿನ ಬಾಯಲ್ಲಿ, ಇನ್ನೊಂದು ಫ್ಯಾನಿಗೆ. ಪಂಕ್ತಿಗೆ ತಡವಾಗಿ ಬಂದ ನೆಂಟನ ಹಾಗೆ ಹೊಸ ಡಿಸ್ಕು ಎಲೆಯಿಲ್ಲದೆ ನನ್ನ ಕೈಯಲ್ಲಿ ಉಳಿಯಿತು.

ಅಂಗಡಿಯವನಿಗೆ ಫೋನು ಮಾಡಿದೆ. ಅದಕ್ಕೇನಂತೆ, ಇರುವ ಒಂದು ಪ್ಲಗ್ಗಿಗೆ ಸ್ಪ್ಲಿಟರ್ ಹಾಕಿದರೆ ಒಂದು ಎರಡಾಗುತ್ತದೆ, ಎರಡು ಡಿಸ್ಕೂ ಹಂಚಿಕೊಳ್ಳುತ್ತವೆ ಎಂದ. ಆಮೇಲೆ, "ಯಾವ ಕಡೆಗೆ ಮೇಲ್ ಬೇಕು ಮೇಡಂ, ಯಾವ ಕಡೆಗೆ ಫೀಮೇಲ್?" ಎಂದು ಕೇಳಿದ. ಅದರಲ್ಲಿ ಅರ್ಧ ಮಾತ್ರ ನನ್ನ ಕಿವಿಗೆ ಬಿತ್ತು.

"ಮೇಲ್ ಬೇಡಪ್ಪ, ನಾನು ಮೇಲ್ ನೋಡೋದು ಕಮ್ಮಿ. ವಾಟ್ಸಾಪಲ್ಲೇ ಕಳ್ಸು" ಎಂದೆ.

ಪ್ಲಗ್ಗುಗಳಲ್ಲೂ ಗಂಡು ಹೆಣ್ಣು ಇರುತ್ತವೆ, ಚಾಚಿಕೊಂಡದ್ದು ಗಂಡು, ತೂತಿರುವುದು ಹೆಣ್ಣು ಎಂದು ಆ ಹುಡುಗ ಸಂಕೋಚಪಡುತ್ತಾ ವಿವರಿಸಿದ. ವಸ್ತುಗಳೆಲ್ಲ ನಪುಂಸಕಲಿಂಗ ಎಂದು ವರ್ಷಗಟ್ಟಲೆ ಮಕ್ಕಳ ಬಾಯಲ್ಲಿ ಹೇಳಿಸಿದವಳು ನಾನು. ನನ್ನ ವ್ಯಾಕರಣ ಈ ಪೆಟ್ಟಿಗೆಯೊಳಗೆ ನಡೆಯುವುದಿಲ್ಲ ಎಂದು ತಿಳಿದದ್ದು ಆಗಲೇ.

ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಒಂದು ಅನುಮಾನ ಹುಟ್ಟಿತು. ಒಬ್ಬರ ಊಟವನ್ನು ಇಬ್ಬರಿಗೆ ಹಂಚಿದರೆ ಇಬ್ಬರೂ ಅರೆಹೊಟ್ಟೆಯಲ್ಲಿ ಇರಬೇಕಾಗುವುದಿಲ್ಲವೆ? ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ಮೇಷ್ಟ್ರೊಬ್ಬರನ್ನು ಫೋನಿನಲ್ಲಿ ಕೇಳಿದೆ. ಅವರಿಗೆ ಬಹಳ ದಿನದಿಂದ ಯಾರೂ ಪ್ರಶ್ನೆ ಕೇಳಿರಲಿಲ್ಲವೇನೋ, ಉತ್ಸಾಹದಿಂದ ಶುರು ಮಾಡಿದರು. ವೋಲ್ಟೇಜು ಎಲ್ಲರಿಗೂ ಒಂದೇ, ಕರೆಂಟನ್ನು ಯಾರಿಗೆ ಎಷ್ಟು ಬೇಕೋ ಅಷ್ಟೇ ಎಳೆದುಕೊಳ್ಳುತ್ತಾರೆ, ಹಂಚಿಕೊಂಡವರಿಗೆ ಕಡಿಮೆಯಾಗುವುದಿಲ್ಲ; ಆದರೆ ಎಲ್ಲರ ಪಾಲನ್ನೂ ಹೊತ್ತು ತರುವ ವೈರು ಒಂದೇ ಆದ್ದರಿಂದ ಅದು ಬಿಸಿಯಾಗುತ್ತದೆ, ಮಿತಿ ಮೀರಿದರೆ ಸುಡುತ್ತದೆ ಎಂದರು. ಹಾಗಾದರೆ ಹಾಕಲೋ ಬೇಡವೋ ಎಂದೆ. ಅದು ಲೋಡಿನ ಮೇಲೆ ಎಂದರು. ನಾನು ಹೂಂಗುಟ್ಟಿದೆ. ನಾನು ಹಳಗನ್ನಡ ಪದ್ಯದ ಅರ್ಥ ಹೇಳುವಾಗ ಹಿಂದಿನ ಬೆಂಚಿನವರು ಹೂಂಗುಟ್ಟುತ್ತಿದ್ದದ್ದು ಇದೇ ಥರ.

ಇಷ್ಟು ಹೊತ್ತೂ ಅಮ್ಮ ದಿವಾನದ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದಳು. "ಅದ್ರ ಹೊಟ್ಟೆ ಬಗ್ದು ಕೂತಿದೀಯಲ್ಲೇ, ತಿರ್ಗಾ ಹೊಲಿಯೋಕೆ ಬರ್ತದಾ?" ಎಂದಳು. ಬರುತ್ತದೆ ಎಂದೆ, ನನಗೇ ನಂಬಿಕೆಯಿಲ್ಲದೆ. ಸ್ವಲ್ಪ ಹೊತ್ತು ಬಿಟ್ಟು, ಮಂಜ ಬರುವುದು ಯಾವತ್ತು ಎಂದು ಕೇಳಿದಳು. ಭಾನುವಾರ ಎಂದೆ. ಬೆಳಿಗ್ಗೆಯಿಂದ ಇದನ್ನೇ ಕೇಳುತ್ತಿದ್ದಳು, ನಾನೂ ಇದನ್ನೇ ಹೇಳುತ್ತಿದ್ದೆ.

ಮಂಜ ನನ್ನ ತಮ್ಮ, ಕುಣಿಗಲ್‌ನಲ್ಲಿದ್ದಾನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಮೂವರ ಮನೆಯಲ್ಲಿ ಸರದಿಯ ಮೇಲೆ ಇರುತ್ತಾಳೆ. ಯುಗಾದಿಯಿಂದ ಗೌರಿ ಹಬ್ಬದ ತನಕ ತುಮಕೂರಿನ ನಮ್ಮ ಮನೆ. ಗೌರಿಯಿಂದ ಸಂಕ್ರಾಂತಿಯ ತನಕ ಮಂಜನ ಮನೆ. ಸಂಕ್ರಾಂತಿಯಿಂದ ಯುಗಾದಿಯ ತನಕ ಗುಬ್ಬಿಯ ಅಕ್ಕನ ಮನೆ. ಗೌರಿ ಹಬ್ಬ ಹತ್ತಿರ ಬಂದಿತ್ತು, ಭಾನುವಾರ ಮಂಜ ಕಾರು ತರುವವನಿದ್ದ. ಈ ಸಲ ಅಮ್ಮನನ್ನು ಕಳಿಸಬೇಕೋ ಬೇಡವೋ ಎನ್ನುವುದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಡಿಸ್ಕಿನ ಕೆಲಸ ಅಷ್ಟೇನೂ ತುರ್ತಿನದಲ್ಲ. ಆ ಯೋಚನೆಯಿಂದ ತಪ್ಪಿಸಿಕೊಳ್ಳಲೆಂದೇ ಕಂಪ್ಯೂಟರು ಬಿಚ್ಚಿದೆನೋ ಏನೋ.

ಅಮ್ಮನಿಗೆ ಈ ನಡುವೆ ಮನೆಗಳು ಕಲಸಿಕೊಳ್ಳುತ್ತಿವೆ. ಒಂದು ಮನೆಯಿಂದ ಇನ್ನೊಂದಕ್ಕೆ ಬಂದ ಹೊಸತರಲ್ಲಿ ಬಹಳ ಜಾಸ್ತಿ. ನಮ್ಮ ಮನೆಯ ಸ್ಟೋರ್ ರೂಮಿನ ಬಾಗಿಲು ತೆಗೆದು, ಹಿತ್ತಲು ಎಲ್ಲಿ ಹೋಯಿತು ಎಂದು ಅಕ್ಕಿ ಮೂಟೆಯ ಮುಂದೆ ನಿಂತಿರುತ್ತಾಳೆ. ಹಿತ್ತಲು ಇರುವುದು ಮಂಜನ ಮನೆಯಲ್ಲಿ. ನನ್ನನ್ನು ಅಕ್ಕನ ಹೆಸರಿನಿಂದ ಕರೆದು, ಕೆರೆ ಕೋಡಿ ಬಿತ್ತಾ ಎಂದು ವಿಚಾರಿಸುತ್ತಾಳೆ. ತಿಂಗಳು ಕಳೆಯುವ ಹೊತ್ತಿಗೆ ಮನೆ ಮತ್ತೆ ಕೈಗೆ ಹತ್ತುತ್ತದೆ, ಸೊಪ್ಪಿನವಳನ್ನು ಹೆಸರು ಹಿಡಿದು ಕರೆಯುತ್ತಾಳೆ, ಕುಕ್ಕರಿನ ಸೀಟಿ ಎಣಿಸುತ್ತಾಳೆ. ಇನ್ನೇನು ನೆಲೆ ನಿಂತಳು ಅನ್ನುವಾಗ ಹಬ್ಬ ಬರುತ್ತದೆ. ಈ ಸಲವಂತೂ ನೆಲೆ ನಿಂತದ್ದು ಎಂಬುದೇ ಇರಲಿಲ್ಲ. ಯುಗಾದಿಗೆ ಬಂದವಳು ಬ್ಯಾಗನ್ನು ಪೂರ್ತಿ ಖಾಲಿ ಮಾಡಿರಲಿಲ್ಲ.

ಈ ಸರದಿಯನ್ನು ಹಾಕಿಕೊಟ್ಟವರು ಭಾವ, ಎಂದರೆ ನಮ್ಮ ಅಕ್ಕನ ಗಂಡ. ಸರದಿಯ ವಿಷಯದಲ್ಲಿ ಅವರ ಮಾತಿಗೆ ನಮ್ಮಲ್ಲಿ ಎದುರಿಲ್ಲ. ಅದಕ್ಕೆ ಕಾರಣವಿದೆ. ಗುಬ್ಬಿಯ ಹತ್ತಿರದ ಕಡಬದಲ್ಲಿ ಅವರ ಮನೆಯವರದು ತೆಂಗಿನ ತೋಟ. ಅಣ್ಣತಮ್ಮಂದಿರು ಮೂವರು, ಬೋರ್‌ವೆಲ್ ಒಂದು. ಮೊದಲಿಗೆ ಯಾರದೋ ಮಾತು ಕೇಳಿ ಪೈಪಿಗೆ ಕವೆ ಹಾಕಿಸಿದ್ದರಂತೆ. ಕವೆ ಎಂದರೆ ಗೊತ್ತಲ್ಲ, ಕೊಂಬೆ ಎರಡಾಗಿ ಒಡೆಯುವ ಜಾಗ. ಪೈಪು ಹಾಗೆ ಒಡೆದರೂ ನಮ್ಮ ಕಡೆ ಅದಕ್ಕೆ ಕವೆ ಎಂದೇ ಹೆಸರು. ಒಂದೇ ಸಲಕ್ಕೆ ಎಲ್ಲ ಕಡೆಗೂ ನೀರು ಬಿಟ್ಟರೆ ತಗ್ಗಿನ ತೋಟದಲ್ಲಿ ಧಾರಾಳ, ದಿಬ್ಬದ ಮೇಲಿದ್ದ ಭಾವನ ಪಾಲಿಗೆ ಪೈಪಿನ ಬಾಯಲ್ಲಿ ಬರೀ ಸುಯ್ಯೆನ್ನುವ ಗಾಳಿ. ಮಾತಿಗೆ ಮಾತು ಬೆಳೆದು ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು. ಕೊನೆಗೆ ಅವರ ತಂದೆ ಕವೆ ಕೀಳಿಸಿ ಸರದಿ ಹಾಕಿದರು. ದಿನಕ್ಕೊಬ್ಬರಿಗೆ ನೀರು, ಆ ದಿನ ಪೂರ್ತಿ ಧಾರೆ ಅವರದೇ. ಜಗಳ ನಿಂತಿತು, ಮರಗಳೂ ಉಳಿದವು. ಅದು ಭಾವನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಅವರ ಪಾಲಿಗೆ ಹಂಚಿಕೊಳ್ಳುವುದು ಎಂದರೆ ಸರದಿ, ಕವೆ ಎಂದರೆ ಮನೆಹಾಳು.

ಮುಂದೆ ಭಾವ ತೋಟವನ್ನು ಅಣ್ಣನಿಗೆ ವಹಿಸಿ ಗುಬ್ಬಿಯಲ್ಲಿ ಅಂಗಡಿ ಇಟ್ಟರು. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಜಾತಕ, ಫೋಟೋ, ಮದುವೆಯ ಕ್ಯಾಸೆಟ್ಟನ್ನು ಸಿಡಿಗೆ ಇಳಿಸುವುದು, ಎಲ್ಲವೂ ಅಲ್ಲೇ. ಅಂಗಡಿಗೆ ಇದ್ದದ್ದು ಒಂದೇ ಕಂಪ್ಯೂಟರು, ಅದರ ಪಕ್ಕದ ಮುಚ್ಚಳ ಇದ್ದದ್ದನ್ನು ನಾನು ನೋಡಲೇ ಇಲ್ಲ. ಒಳಗಿನ ಎಸ್‌ಎಂಪಿಎಸ್ಸಿನ ಪ್ಲಗ್ಗುಗಳ ಪೈಕಿ ಒಂದು ಸಾಲನ್ನು ಇಲಿ ಕಡಿದು ಹಾಕಿತ್ತು. ಉಳಿದದ್ದು ಎರಡು. ಒಂದು ಮುಖ್ಯ ಡಿಸ್ಕಿಗೆ ಕಾಯಂ, ಅದಿಲ್ಲದಿದ್ದರೆ ಕಂಪ್ಯೂಟರು ಏಳುವುದೇ ಇಲ್ಲ. ಇನ್ನೊಂದಕ್ಕೆ ಆಸೆ ಪಡುವವರು ಇಬ್ಬರು, ಸಿಡಿ ಬರೆಯುವ ಡ್ರೈವು ಮತ್ತು ಗಿರಾಕಿಗಳ ಫೋಟೋ, ಪತ್ರಿಕೆ ಎಲ್ಲ ತುಂಬಿದ್ದ ಎರಡನೆಯ ಡಿಸ್ಕು. ಬೇರೆ ಯಾರಾದರೂ ಆಗಿದ್ದರೆ ಕವೆ ವೈರು, ಎಂದರೆ ಅದೇ ಸ್ಪ್ಲಿಟರ್, ತಂದು ಸಿಕ್ಕಿಸುತ್ತಿದ್ದರು. ಭಾವ ಸರದಿ ಹಾಕಿದರು. ಕಂಪ್ಯೂಟರು ಆರಿಸಿ, ಡಿಸ್ಕಿನ ಪ್ಲಗ್ಗು ಕಿತ್ತು ಸಿಡಿಗೆ, ಸಿಡಿಯದು ಕಿತ್ತು ಡಿಸ್ಕಿಗೆ. ಒಳಗೆ ಸೆಕೆಯಾಗದಿರಲೆಂದು ತೆರೆದ ಪೆಟ್ಟಿಗೆಯ ಎದುರಿಗೆ ಒಂದು ಟೇಬಲ್ ಫ್ಯಾನು ತಿರುಗುತ್ತಿತ್ತು. ಭಾವ ಮಾತ್ರ ಬೆವರು ಒರೆಸಿಕೊಂಡು ಕುಳಿತಿರುತ್ತಿದ್ದರು.

ಊರಿನವರಿಗೂ ಅಭ್ಯಾಸವಾಗಿಬಿಟ್ಟಿತ್ತು. ಮದುವೆ ಸಿಡಿ ಕೇಳಿಕೊಂಡು ಬಂದವರಿಗೆ, ಇವತ್ತು ಸಿಡಿ ಸರದಿ ಅಲ್ಲ, ಸಂತೆ ದಿನ ಬನ್ನಿ ಎನ್ನುತ್ತಿದ್ದರು. ಅವರೂ ಒಂದು ಮಾತು ಆಡದೆ ಸಂತೆ ದಿನ ಬರುತ್ತಿದ್ದರು. ಸರದಿ ಅಂದರೆ ಸರದಿ, ಅದರಲ್ಲಿ ವಾದ ಮಾಡುವಂಥದ್ದೇನಿದೆ?

ನಾನೊಮ್ಮೆ ಬುದ್ಧಿ ಹೇಳಲು ಹೋದೆ. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಕವೆ ಇರುವುದನ್ನು ನೋಡಿದ್ದೆ, ಅಷ್ಟೇ ನನ್ನ ಪಾಂಡಿತ್ಯ. ಭಾವ ಸಿಟ್ಟಾಗಲಿಲ್ಲ. ನಾದಿನಿಯ ಮೇಲೆ ಅವರು ಯಾವತ್ತೂ ಸಿಟ್ಟಾದವರಲ್ಲ.

"ಕವೆ ಹಾಕಿದ್ರೆ ಕೊನೇಲಿರೋನಿಗೆ ಬರೀ ಗಾಳಿ ಕಣಮ್ಮ. ನೀರಾದ್ರೇನು, ಕರೆಂಟಾದ್ರೇನು, ಹರಿಯೋದು ತಾನೆ?" ಎಂದರು.

ಪಠ್ಯಪುಸ್ತಕದಲ್ಲೂ ವಿದ್ಯುತ್ ಪ್ರವಾಹ ಎಂದೇ ಇದೆ. ಹರಿಯದಿದ್ದರೆ ಪ್ರವಾಹ ಎಂದು ಏಕೆ ಕರೆದರು? ಆ ಪ್ರಶ್ನೆ ಇವತ್ತಿಗೂ ನನಗೆ ಬಗೆಹರಿದಿಲ್ಲ. ಇನ್ನು ಹಂಚು ಎನ್ನುವ ಪದವನ್ನೇ ನೋಡಿ. ಕ್ರಿಯಾಪದವಾದರೆ ಪಾಲು ಮಾಡುವುದು, ನಾಮಪದವಾದರೆ ಮನೆಯ ಮೇಲೆ ಹೊದಿಸುವುದು. ಪಾಲು ಮಾಡಿದ ಮೇಲೂ ಒಂದೇ ಸೂರಿನ ಕೆಳಗೆ ಇರಿ ಎಂದು ಯಾರೋ ಹಿರಿಯರು ಸೂಚಿಸಿರಬೇಕು ಎಂದು ತರಗತಿಯಲ್ಲಿ ಹೇಳಿ ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಎರಡಕ್ಕೂ ಸಂಬಂಧವೇ ಇಲ್ಲ ಎಂದು ಆಮೇಲೆ ಯಾರೋ ಹೇಳಿದರು. ಇರಲಿ.

ಭಾವನ ಸರದಿಗೆ ಪೆಟ್ಟು ಬಿದ್ದದ್ದು ಮಂಜನ ಮದುವೆಯಲ್ಲಿ. ಲಗ್ನಪತ್ರಿಕೆಯನ್ನು ಭಾವನ ಅಂಗಡಿಯಲ್ಲದೆ ಬೇರೆ ಕಡೆ ಮಾಡಿಸುವ ಹಾಗೇ ಇರಲಿಲ್ಲ. ಅವರು ಪ್ರೀತಿಯಿಂದ ಕುಳಿತು ತಿಂಗಳ ಮುಂಚೆಯೇ ಸಿದ್ಧಪಡಿಸಿ, ಎರಡನೆಯ ಡಿಸ್ಕಿನಲ್ಲಿ ಇಟ್ಟಿದ್ದರು. ಅಷ್ಟರಲ್ಲಾಗಲೇ ಕಿತ್ತು ಹಾಕಿ, ಕಿತ್ತು ಹಾಕಿ ಆ ಪ್ಲಗ್ಗು ಸಡಿಲವಾಗಿತ್ತು. ಭಾವ ಅದರ ಪಕ್ಕಕ್ಕೆ ವಿಸಿಟಿಂಗ್ ಕಾರ್ಡಿನ ಚೂರು ಮಡಚಿ ತುರುಕುತ್ತಿದ್ದರು. ಅಚ್ಚಿಗೆ ಕಳಿಸುವ ದಿನ ಪತ್ರಿಕೆಯನ್ನು ತೆರೆದು ಏನೋ ತಿದ್ದುತ್ತಿರುವಾಗ, ಡಿಸ್ಕು ಹಲ್ಲಿಯ ಹಾಗೆ ಲೊಚಗುಟ್ಟಿ ನಿಂತಿತು. ಮತ್ತೆ ಸಿಕ್ಕಿಸಿದರು, ಮತ್ತೆ ಲೊಚಗುಟ್ಟಿತು. ಆಮೇಲೆ ಅದೂ ಇಲ್ಲ.

ದಿನ ಹತ್ತಿರ ಬಂದಿತ್ತು. ಭಾವ ಮೊದಲಿನಿಂದ ಎಲ್ಲವನ್ನೂ ಟೈಪು ಮಾಡಿದರು. ಕರಡು ತಿದ್ದಲು ನನ್ನನ್ನೇ ಕೂರಿಸಿದರು, ಮನೆಯಲ್ಲೇ ಕನ್ನಡ ಟೀಚರು ಇರುವಾಗ ಬೇರೆಯವರು ಏಕೆ? ನಾನು ಗತ್ತಿನಿಂದ ಓದಿ, ಒಂದು ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡಿ, ಸರಿ ಇದೆ ಎಂದೆ. ಪತ್ರಿಕೆ ಅಚ್ಚಾಗಿ ನೆಂಟರಿಷ್ಟರ ಕೈಸೇರಿದ ಮೇಲೆ ಗೊತ್ತಾಯಿತು. ಕೊನೆಯಲ್ಲಿ ಅಪ್ಪ ಅಮ್ಮನ ಹೆಸರಿನ ಮೇಲೆ "ಸುಖಾಗಮನ ಬಯಸುವವರು" ಎಂದಿರಬೇಕಾದಲ್ಲಿ ಒಂದು ದೀರ್ಘ ಬಿಟ್ಟುಹೋಗಿ "ಸುಖಗಮನ ಬಯಸುವವರು" ಎಂದಾಗಿತ್ತು. ಬನ್ನಿ ಎನ್ನುವ ಬದಲು, ಸುಖವಾಗಿ ಹೋಗಿ ಎಂದು ಊರಿಗೆಲ್ಲ ಪತ್ರಿಕೆ ಹಂಚಿದ್ದೆವು. ಕುಣಿಗಲ್‌ನ ಛತ್ರದ ಬಾಗಿಲಲ್ಲಿ ಹೆಣ್ಣಿನ ಸೋದರಮಾವ ಪತ್ರಿಕೆ ಹಿಡಿದುಕೊಂಡೇ ಬಂದರು. "ಇನ್ನೂ ತಿಂಡಿನೇ ಆಗಿಲ್ಲ, ಆಗ್ಲೇ ಹೊರಡಿ ಅಂತೀರಲ್ಲ ಬೀಗ್ರೆ" ಎಂದರು. ಅಪ್ಪ ನನ್ನ ಕಡೆ ನೋಡಿದರು. ನಾನು ಪನ್ನೀರು ಚಿಮುಕಿಸುವುದರಲ್ಲಿ ಮುಳುಗಿಹೋದೆ. ಎಲ್ಲರಿಗಿಂತ ಹೆಚ್ಚು ನಕ್ಕವಳು ಅಮ್ಮ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮದುವೆಯ ಗಲಾಟೆ ಮುಗಿದ ಮೇಲೆ ಭಾವ ಕಂಪ್ಯೂಟರನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ತುಮಕೂರಿಗೆ ತಂದರು. ರಿಪೇರಿಯವನು ನೋಡಿ, ಎಸ್‌ಎಂಪಿಎಸ್ಸಿನಲ್ಲಿ ಕರೆಂಟಿಗೇನೂ ಕೊರತೆ ಇರಲಿಲ್ಲ, ಇಬ್ಬರಿಗೂ ಒಟ್ಟಿಗೇ ಸಾಕಾಗುತ್ತಿತ್ತು ಎಂದನಂತೆ. ಕೆಟ್ಟದ್ದು ಪ್ಲಗ್ಗು. ಕೀಳುವುದು ಹಾಕುವುದು ಮಾಡಿ ಒಳಗಿನ ಹಿಡಿತವೇ ಹೋಗಿತ್ತು, ಅದರ ಜೊತೆಗೆ ಡಿಸ್ಕೂ ಹೋಗಿತ್ತು. ಭಾವ ಕವೆ ಹಾಕಿಸಿಕೊಂಡು ಗುಬ್ಬಿಗೆ ಹಿಂದಿರುಗಿದರು. ಅಕ್ಕ ಹೇಳುತ್ತಾಳೆ, ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲವಂತೆ. ಹಂಚಿಕೆ ಎಂದರೆ ಸರದಿ ಎಂದು ನಂಬಿದವರಿಗೆ, ಬೇಡದ ಕಡೆ ಸರದಿ ಹಾಕಿದ್ದೆ ಎಂದು ಗೊತ್ತಾದರೆ ಊಟ ಹೇಗೆ ಸೇರೀತು ಹೇಳಿ.

ಹಾಗಿದ್ದರೂ ಅಪ್ಪ ಹೋದ ಮೇಲೆ, ಕುಣಿಗಲ್‌ನ ಅಪ್ಪ ಅಮ್ಮ ಇದ್ದ ಬಾಡಿಗೆ ಮನೆ ಬಿಡುವಾಗ, ಅಮ್ಮ ಎಲ್ಲಿರಬೇಕು ಎಂಬ ಮಾತು ಬಂದಾಗ ಭಾವ ಸರದಿಯನ್ನೇ ಹೇಳಿದರು. ನಾವು ಮೂವರೂ ಒಪ್ಪಿದೆವು. ನೀವು ಬೇರೆ ಏನೋ ಊಹಿಸಬೇಡಿ, ಯಾರಿಗೂ ಅಮ್ಮ ಭಾರವಾಗಿರಲಿಲ್ಲ. ಜಗಳವಿದ್ದದ್ದು ನನಗೆ ಬೇಕು, ನನಗೆ ಬೇಕು ಎನ್ನುವುದಕ್ಕೆ. ಮಗನಿರುವಾಗ ಹೆಣ್ಣುಮಕ್ಕಳ ಮನೆಯಲ್ಲಿ ಏಕೆ ಎಂದು ಮಂಜ. ಇಷ್ಟು ವರ್ಷ ನಿನ್ನ ಊರಲ್ಲೇ ಇದ್ದಳಲ್ಲ ಎಂದು ನಾನು. "ನನ್ನ ಪಾಲಿನ ಅಮ್ಮನ್ನ ನಾನು ಬಿಟ್ಕೊಡಲ್ಲ ಕಣ್ರೋ" ಎಂದು ಅಕ್ಕ ಅತ್ತೇಬಿಟ್ಟಳು. ಸರದಿ ಎಂದ ಕೂಡಲೇ ಎಲ್ಲರ ಮುಖವೂ ತಿಳಿಯಾಯಿತು. ಸಂಕ್ರಾಂತಿಯಿಂದ ಯುಗಾದಿಯ ತನಕದ್ದು 'ಸಣ್ಣ ಪಾಲು' ಎಂದು ಅಕ್ಕ ಇವತ್ತಿಗೂ ಗೊಣಗುತ್ತಾಳೆ. ಇಷ್ಟು ವರ್ಷ ಅದು ಚೆನ್ನಾಗಿಯೇ ನಡೆಯಿತು. ಅಮ್ಮ ಗುಬ್ಬಿಯ ಸುದ್ದಿಯನ್ನು ತುಮಕೂರಿಗೂ, ತುಮಕೂರಿನದನ್ನು ಕುಣಿಗಲ್‌ಗೂ ಉಪ್ಪು ಖಾರ ಹಚ್ಚಿ ತಲುಪಿಸುತ್ತಿದ್ದಳು. ಆದ್ದರಿಂದ ಸರದಿ ತಪ್ಪು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಸರಿ ಎನ್ನಲೂ ಈಗ ಬಾಯಿ ಬರುತ್ತಿಲ್ಲ.

ಎಲ್ಲಿಂದ ಎಲ್ಲಿಗೆ ಬಂದೆ ನೋಡಿ. ಶುಕ್ರವಾರಕ್ಕೆ ಹಿಂದಿರುಗೋಣ. ಅಂಗಡಿಯವನೂ ಮೇಷ್ಟ್ರೂ ಸೇರಿ ನನ್ನ ತಲೆ ಕೆಡಿಸಿದ ಮೇಲೆ ಭಾವನಿಗೇ ಫೋನು ಮಾಡಿದೆ. ಅವರು ಈಗ ಅಂಗಡಿ ಮುಚ್ಚಿದ್ದಾರೆ, ಆದರೆ ಕಂಪ್ಯೂಟರಿನ ಒಳಗಿನ ವಿಷಯ ಕೇಳಿದರೆ ಖುಷಿಯಾಗುತ್ತಾರೆ. ಒಂದೇ ಪ್ಲಗ್ಗು ಇದೆ, ಎರಡು ಡಿಸ್ಕು ಇದೆ, ಏನು ಮಾಡಲಿ ಎಂದೆ.

"ಕವೆ ಹಾಕು ಕಣಮ್ಮ, ಏನೂ ಆಗಲ್ಲ. ಒಳ್ಳೇದು ತಗೋ, ಸಸ್ತಾದ್ದು ಬಿಸಿ ಆಗ್ತದೆ. ಆದ್ರೆ ಒಂದ್ಸಲ ಹಾಕಿದ್ಮೇಲೆ ಕೀಳ್ಬೇಡ. ಕರೆಂಟು ಕಮ್ಮಿ ಆದ್ರೂ ತಡ್ಕೊತದೆ, ಕಿತ್ತು ಕಿತ್ತು ಹಾಕೋದ್ನ ತಡ್ಕೊಳಲ್ಲ" ಎಂದರು.

ನಾನು ಹಿಂದಕ್ಕೆ ತಿರುಗಿದೆ. ದಿವಾನದ ಮೇಲೆ ಅಮ್ಮ ತನ್ನ ಸೀರೆಯ ಅಂಚನ್ನು ಬೆರಳಲ್ಲಿ ತೀಡುತ್ತಾ ಕಿಟಕಿಯ ಕಡೆ ನೋಡುತ್ತಿದ್ದಳು. ಭಾವ ಅದನ್ನು ಯಾವ ಅರ್ಥದಲ್ಲಿ ಹೇಳಿದರೋ ಗೊತ್ತಿಲ್ಲ. ಆಮೇಲೆ, "ಅತ್ತೆ ಹೆಂಗವ್ರೆ?" ಎಂದರು. ಮನೆಗಳು ಕಲಸಿಕೊಳ್ಳುತ್ತಿವೆ ಎಂದೆ. ನಮ್ಮಲ್ಲೂ ಹಾಗೇ ಆಗಿತ್ತು, ನಿಮ್ಮಕ್ಕ ಯಾರಿಗೂ ಹೇಳಬೇಡಿ ಅಂದಿದ್ದಳು, ಹೇಳಿದರೆ ಎಲ್ಲಿ ತನ್ನ ಸರದಿ ತಪ್ಪಿಸುತ್ತಾರೋ ಎಂದು ಅವಳಿಗೆ ಭಯ ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಕೂಡ ಅದೇ ಭಯದಿಂದ ಅಕ್ಕನಿಗೆ ಹೇಳಿರಲಿಲ್ಲ. ಮಂಜನ ಬಳಿಯೂ ಹೀಗೇ ಏನಾದರೂ ಇದ್ದೇ ಇರಬೇಕು.

ಮಂಜನಿಗೆ ಫೋನು ಮಾಡುವ ಮೊದಲು ಕಾಫಿ ಮಾಡಿಕೊಂಡು ಕುಡಿದೆ. ಅಮ್ಮ ಇಲ್ಲೇ ಇದ್ದರೆ ಅಕ್ಕನ ಪಾಲು ಹೋಗುತ್ತದೆ, ಮಂಜನ ಪಾಲೂ ಹೋಗುತ್ತದೆ. ಇಲ್ಲೇ ಏಕೆ, ಗುಬ್ಬಿಯಲ್ಲಿ ಏಕಲ್ಲ, ಕುಣಿಗಲ್‌ನಲ್ಲಿ ಏಕಲ್ಲ ಎಂದು ಅವರು ಕೇಳಬಹುದು. ಈಗ ಇಲ್ಲಿದ್ದಾಳೆ ಎನ್ನುವುದನ್ನು ಬಿಟ್ಟರೆ ಬೇರೆ ಕಾರಣವಿಲ್ಲ. ಇನ್ನು ನಾನೂ ಎಳೆಯವಳಲ್ಲ. ಎಲ್ಲವನ್ನೂ ಹೊರುವ ವೈರು ಬಿಸಿಯಾಗುತ್ತದೆ ಎಂದು ಮೇಷ್ಟ್ರು ಹೇಳಿದ್ದು ತಲೆಯಲ್ಲಿ ಸುತ್ತುತ್ತಿತ್ತು. ಯೋಚಿಸಿದಷ್ಟೂ ಗೋಜಲು. ಕೊನೆಗೆ ಯೋಚನೆ ಬಿಟ್ಟು ಫೋನು ಎತ್ತಿದೆ.

"ಭಾನುವಾರ ಅಮ್ಮನ್ನ ಕರ್ಕೊಂಡು ಹೋಗೋಕೆ ಬರ್ಬೇಡ ಕಣೋ. ಬಾಗಿನ ತಗೊಂಡು ನೀವೇ ಬನ್ನಿ. ಗೌರಿ ಹಬ್ಬ ಈ ಸಲ ಇಲ್ಲೇ" ಎಂದೆ.

ಮಂಜ ಬಹಳ ಹೊತ್ತು ವಾದ ಮಾಡಿದ. ಗೌರಿ ಹಬ್ಬಕ್ಕೆ ನೀವಿಬ್ಬರೂ ತವರಿಗೆ ಬರುವಾಗ ಅಮ್ಮ ಇಲ್ಲಿ ಇರಬೇಕಲ್ಲವಾ, ಅಮ್ಮನ ಕೋಣೆಗೆ ಸುಣ್ಣ ಬಳಿಸಿದ್ದೇನೆ, ಮಗ ನೋಡಿಕೊಳ್ಳಲಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ ಎಂದ. ಎಲ್ಲವೂ ನಿಜವೇ. ಹೋದ ಸಲ ನಿನ್ನ ಮನೆಗೆ ಬಂದಾಗ ಅಮ್ಮ ಹೇಗಿದ್ದಳು, ನಿಜ ಹೇಳು ಎಂದೆ. ಅವನು ಹೇಳಿದ. ಒಂದು ದಿನ ಗೇಟು ತೆಗೆದುಕೊಂಡು ಹೋಗಿ, ಕೆರೆ ಏರಿಯ ಹತ್ತಿರ ಹಳೆಯ ಬಾಡಿಗೆ ಮನೆಯ ಮುಂದೆ ನಿಂತಿದ್ದಳಂತೆ. ಬಾಗಿಲು ತಟ್ಟಿ, ಅಪ್ಪನ ಹೆಸರು ಹೇಳಿ, ಮನೇಲಿದ್ದಾರಾ ಎಂದು ಕೇಳಿದಳಂತೆ.

"ನಿಮಗೆ ಹೇಳಿದ್ರೆ ಕಳ್ಸಲ್ಲ ಅಂತೀರ ಅಂತ ಹೇಳ್ಲಿಲ್ಲ ಚಿಕ್ಕಕ್ಕ" ಎಂದ. ನನಗೆ ಅಳು ಬಂತು. ಮೂರು ಊರಿನಲ್ಲಿ ಮೂವರು ಮಕ್ಕಳು ಪ್ರೀತಿಯಿಂದಲೇ ಬಾಯಿ ಮುಚ್ಚಿಕೊಂಡು, ಅಮ್ಮ ಒಬ್ಬಳನ್ನೇ ಕತ್ತಲಲ್ಲಿ ತಡಕಾಡಲು ಬಿಟ್ಟಿದ್ದೆವು. ಹಬ್ಬಕ್ಕೆ ಎಲ್ಲರೂ ಬನ್ನಿ, ಮುಂದಿನದು ಕುಳಿತು ಮಾತಾಡೋಣ, ಅಲ್ಲಿಯ ತನಕ ಅಮ್ಮ ಕದಲುವುದು ಬೇಡ ಎಂದೆ. ಹೂಂ ಎಂದ. ಅಕ್ಕನಿಗೆ ಹೇಳುವ ಕೆಲಸ ಭಾವ ವಹಿಸಿಕೊಂಡರು. ಅವಳು ನನ್ನ ಮೇಲೆ ಸಿಟ್ಟಾಗಿದ್ದಾಳೆ, ಹಬ್ಬಕ್ಕೆ ಬಂದು ಎದುರಿಗೇ ಬೈಯುತ್ತಾಳಂತೆ. ಬರಲಿ, ಬೈಯಲಿ. ಮುಂದೆ ಏನು ಮಾಡುತ್ತೇವೋ ನನಗೆ ಈಗಲೂ ಗೊತ್ತಿಲ್ಲ.

ಸಂಜೆಯಾಗುತ್ತಿತ್ತು. ಕಂಪ್ಯೂಟರನ್ನು ಬಾಯಿ ತೆರೆದಂತೆಯೇ ಗೋಡೆಗೆ ಒರಗಿಸಿಟ್ಟು ಅಮ್ಮನ ಪಕ್ಕದಲ್ಲಿ ಕುಳಿತೆ. ಭಾನುವಾರ ಮಂಜ ಬರುವುದಿಲ್ಲ, ನೀನು ಎಲ್ಲೂ ಹೋಗುವುದು ಬೇಡ, ಹಬ್ಬಕ್ಕೆ ಎಲ್ಲರೂ ಇಲ್ಲಿಗೇ ಬರುತ್ತಾರೆ ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ ಎಂದು ಮುಖ ನೋಡಿದೆ. ಅವಳು ಯೋಚಿಸಿದಳು. ಹಾಗಾದರೆ ಇನ್ನು ಇಲ್ಲೇನಾ ಎಂದಳು. ಸದ್ಯಕ್ಕೆ ಇಲ್ಲೇ ಎಂದೆ.

"ಇಲ್ಲೇ ಅಂದ್ರೆ, ಮಲ್ಗೋ ರೂಮಿನ ಲೈಟಿನ ಸ್ವಿಚ್ಚು ಯಾವ್ದು ಅಂತ ತೋರ್ಸ್ಕೊಡೆ. ನೆಂಟ್ರ ಮನೇಲಿ ಅದನ್ನೆಲ್ಲ ಕೇಳ್ಬಾರ್ದು ಅಂತ ಸುಮ್ನಿದ್ದೆ" ಎಂದಳು.

ಕೈ ಹಿಡಿದು ಕರೆದುಕೊಂಡು ಹೋದೆ. ಬೋರ್ಡಿನಲ್ಲಿ ಸಾಲಾಗಿ ಸ್ವಿಚ್ಚುಗಳಿದ್ದವು. ನಾನು ಒತ್ತಿದ್ದಕ್ಕೆ ಫ್ಯಾನು ತಿರುಗಿತು. ಇನ್ನೊಂದನ್ನು ಒತ್ತಿದೆ, ಏನೂ ಆಗಲಿಲ್ಲ. ಅಮ್ಮ ನನ್ನ ಕೈ ಸರಿಸಿ, ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡುತ್ತಾ ಕೊನೆಯದನ್ನು ತಾನೇ ಒತ್ತಿದಳು. ಲೈಟು ಹತ್ತಿತು. ಆರಿಸಿ, ಮತ್ತೆ ಒಂದು ಸಲ ಹಾಕಿದಳು.